ತರುಣಿಯರ ಕಾಯಕ ಮತ್ತು ಕೈಯೊಳಗಣ ಯಂತ್ರ

ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ತಂದುಕೊಟ್ಟ ಘನತೆ ಸರ್ವವಿದಿತವಾದುದು. ನೂಲು ತೆಗೆದು ಬಾಳಿದ ಕದಿರೆ ರೆಮ್ಮವ್ವೆ, ಭತ್ತ ಕುಟ್ಟುವ ಕಾಯಕದ ಕೊಟ್ಟಣದ ಸೋಮಮ್ಮ, ಪತಿಯು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮ ಮೊದಲಾದ ಸ್ತ್ರೀಯರು ಆ ಶರಣಸಮೂಹದಲ್ಲಿ ಗೌರವದ ಸ್ಥಾನ ಪಡೆದಿದ್ದರು. ರಾಟೆಯನ್ನು ಕಟ್ಟಿಕೊಡುವವನು ಬಡಗಿ. ಅದರಲ್ಲಿ ನೂಲು ತೆಗೆಯುವವಳು ಬೇರೊಬ್ಬಳು. ಬಡಗಿಯ ವಿದ್ಯೆ ಬಾರದೆಂಬ ಕಾರಣಕ್ಕೆ ನೂಲುವವಳ ಕಾಯಕಕ್ಕೆ ಎಂದೂ ಕುಂದು ಬರಲಿಲ್ಲ. ಇಂದು ಗಣಕಯಂತ್ರದ ವಿಷಯದಲ್ಲಿಯೂ ಇದೇ ವಿವೇಕ ಅಗತ್ಯವಾಗಿದೆ. ಕೋಡ್ ಬರೆಯುವ ವಿದ್ಯೆಯನ್ನು ಕಲಿತವರಿಗೆ ಮಾತ್ರ ಆಪ್ ನಿರ್ಮಿಸಲು ಸಾಧ್ಯವೆಂಬ ಕಾಲ ಕಳೆದುಹೋಗಿದೆ. ಆದರೆ ಈ ಬದಲಾವಣೆಯಿಂದ ಯಾರಿಗೆ ಲಾಭ, ಯಾವ ಷರತ್ತಿನ ಮೇಲೆ ಲಾಭ ಎಂಬುದನ್ನು ಹೆಣ್ಣುಮಕ್ಕಳ ಶಿಕ್ಷಣದ ಹೊಣೆ ಹೊತ್ತ ಸಂಸ್ಥೆಗಳು ಗಂಭೀರವಾಗಿ ಆಲೋಚಿಸಬೇಕಾಗಿದೆ.

ಇಂತಹ ಆಲೋಚನೆಗೆ ಬೆಂಗಳೂರಿನ ಶಿವಾಜಿನಗರ ತಕ್ಕ ನೆಲ. 1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡಿನ ಮಗ್ಗುಲಲ್ಲಿ ಬೆಳೆದ ಈ ಭಾಗ ಹಿಂದೆ ಬ್ಲ್ಯಾಕ್‌ಪಲ್ಲಿ ಎಂದು ಕರೆಯಿಸಿಕೊಳ್ಳುತ್ತಿತ್ತು. ರಸೆಲ್ ಮಾರುಕಟ್ಟೆ, ಸಂತ ಮೇರಿ ಬೆಸಿಲಿಕಾ, ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಗಳು, ಇಬ್ರಾಹಿಂ ಸಾಹೇಬ್ ಬೀದಿಯ ಕಿಕ್ಕಿರಿದ ಮಳಿಗೆಗಳು ಕಾಲ್ನಡಿಗೆಯ ದೂರದಲ್ಲಿಯೇ ಇವೆ. ಕನ್ನಡ, ತಮಿಳು, ಉರ್ದು, ತೆಲುಗು ನುಡಿಗಳು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ರಂಜಾನ್ ಮಾಸದಲ್ಲಿ, ಸೆಪ್ಟೆಂಬರ್ 8ರ ಮೇರಿಯಮ್ಮನ ಹಬ್ಬಕ್ಕೆ ಭಕ್ತರು ಕಾವಿ ಬಣ್ಣದ ಉಡುಪು ಧರಿಸುವ ದಿನಗಳಲ್ಲಿ, ದಸರೆ ದೀಪಾವಳಿಗಳಲ್ಲಿ, ಮದುವೆಯ ತಿಂಗಳುಗಳಲ್ಲಿ ಇಲ್ಲಿಯ ಹೊಲಿಗೆ ಯಂತ್ರಗಳಿಗೆ ಬಿಡುವೆಂಬುದಿಲ್ಲ. ದಾರಿಹೋಕರ ಕಣ್ಣಿಗೆ ಬೀಳುವುದು ಅಂಗಡಿಯ ಮುಂಭಾಗ. ರವಿಕೆ ಹೊಲಿಯುವ, ಕಸೂತಿ ಹಾಕುವ, ಸೀರೆಗೆ ಫಾಲ್ ಹಚ್ಚಿ ಕುಚ್ಚು ಕಟ್ಟುವ ಮನೆಯೊಳಗಿನ ಹೆಣ್ಣಿನ ಕೈ ಅವರಿಗೆ ಕಾಣುವುದಿಲ್ಲ.

ಇಂತಹ ಓಣಿಯೊಂದರಲ್ಲಿ ಪದವಿ ತರಗತಿಗೆ ಹೋಗುತ್ತ, ಬಿಡುವಿನ ವೇಳೆಯಲ್ಲಿ ರವಿಕೆ ಹೊಲಿದು ಕುಚ್ಚು ಕಟ್ಟುವ ತರುಣಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಆಕೆಯ ಕೈಚಳಕದಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ವ್ಯವಸ್ಥೆಯಲ್ಲಿ. ಅಳತೆಯ ಚೀಟಿ ಕಳೆದುಹೋಗುತ್ತದೆ. ಮುಂಗಡ ಕೊಟ್ಟವರು ಯಾರು, ಬಾಕಿ ಉಳಿಸಿಕೊಂಡವರು ಯಾರು ಎಂಬುದು ನೆನಪಿನಲ್ಲಿ ಉಳಿಯುವುದಿಲ್ಲ. ಹಬ್ಬದ ಹಿಂದಿನ ದಿನ ಒಂದೇ ಹೊತ್ತಿಗೆ ಹತ್ತು ಜನ ಬಾಗಿಲಲ್ಲಿ ನಿಲ್ಲುತ್ತಾರೆ. ಕೊನೆಗೆ ಈ ತಾಪತ್ರಯವೇ ಬೇಡವೆಂದು ಆಕೆ ಮಧ್ಯವರ್ತಿಯೊಬ್ಬನಿಗೆ ಒಪ್ಪಿಸಿ, ಅವನು ಕೊಟ್ಟಷ್ಟನ್ನು ಪಡೆದು ಸುಮ್ಮನಾಗುತ್ತಾಳೆ. ಮಧ್ಯವರ್ತಿಯ ಬಂಡವಾಳವೆಂದರೆ ಬಹುಮಟ್ಟಿಗೆ ಅವನ ಕೈಯಲ್ಲಿರುವ ಗ್ರಾಹಕರ ಪಟ್ಟಿಯೇ.

ಆ ಪಟ್ಟಿಯನ್ನು ಈಗ ಆಕೆಯೇ ಇಟ್ಟುಕೊಳ್ಳಬಲ್ಲಳು. ಕೋಡ್ ಇಲ್ಲದೆ ಆಪ್ ಕಟ್ಟುವ ವಿಧಾನದ ತಿರುಳು ಬಹಳ ಸರಳವಾದುದು. ಮೊದಲು ಗೂಗಲ್ ಶೀಟ್ಸ್‌ನಂತಹ ಒಂದು ಕೋಷ್ಟಕ. ಅದರಲ್ಲಿ ಗ್ರಾಹಕರ ಹೆಸರು, ಅಳತೆ, ಕೊಡಬೇಕಾದ ದಿನ, ಮುಂಗಡ, ಬಾಕಿ ಎಂಬ ಅಂಕಣಗಳು. ಆಪ್‌ಶೀಟ್, ಗ್ಲೈಡ್ ಮೊದಲಾದ ಸಲಕರಣೆಗಳು ಆ ಕೋಷ್ಟಕವನ್ನು ಓದಿ ಮೊಬೈಲಿನಲ್ಲಿ ತೆರೆಯುವ ಪುಟಗಳನ್ನಾಗಿ ರೂಪಿಸುತ್ತವೆ. ಒಂದು ಸಾಲು ಒಬ್ಬ ಗ್ರಾಹಕಳ ಪುಟವಾಗುತ್ತದೆ. ನಾಳೆ ಕೊಡಬೇಕಾದುದನ್ನು ಮೇಲೆ ತೋರಿಸು, ಬಾಕಿ ಇದ್ದರೆ ಕೆಂಪು ಗುರುತು ಹಾಕು ಎಂಬಂತಹ ನಿಯಮಗಳನ್ನು ಗುಂಡಿಗಳನ್ನು ಒತ್ತಿಯೇ ಗೊತ್ತುಪಡಿಸಬಹುದು. ಅಂಕಣಗಳ ಹೆಸರನ್ನು ಕನ್ನಡದಲ್ಲಿಯೇ ಬರೆಯಬಹುದು. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನಲ್ಲಿ ಮಾಲಿನ ಚಿತ್ರಗಳನ್ನೂ ಬೆಲೆಯನ್ನೂ ಜೋಡಿಸಿಡಬಹುದು. 2016ರಲ್ಲಿ ಆರಂಭವಾದ ಯುಪಿಐ ಮೂಲಕ ಹಣವನ್ನು ಪಡೆಯಬಹುದು. ಇಷ್ಟು ಕೂಡಿದರೆ ಒಂದು ಸಣ್ಣ ಅಂಗಡಿಯ ಗುಮಾಸ್ತೆಯ ಕೆಲಸ ನಡೆದುಹೋಗುತ್ತದೆ.

ಈ ಮಾರ್ಗಕ್ಕೆ ಒಂದು ಪರಂಪರೆಯೂ ಇದೆ, ಅದರ ಆದಿಯಲ್ಲಿ ಒಬ್ಬ ಸ್ತ್ರೀಯೂ ಇದ್ದಾಳೆ. ಅಮೆರಿಕದ ನೌಕಾದಳದಲ್ಲಿದ್ದ ಗ್ರೇಸ್ ಹಾಪರ್ 1952ರಲ್ಲಿ ಆದಿಕಾಲದ ಕಂಪೈಲರ್ ಒಂದನ್ನು ರಚಿಸಿದರು. ಯಂತ್ರಕ್ಕೆ ಆಜ್ಞೆಯನ್ನು ಸಾಮಾನ್ಯ ಇಂಗ್ಲಿಷ್ ಪದಗಳಲ್ಲಿಯೇ ಕೊಡುವಂತಾಗಬೇಕೆಂಬುದು ಅವರ ವಾದ. ಅದು ಆಗದ ಮಾತೆಂದವರೇ ಹೆಚ್ಚು. ಆದರೆ ಅವರ ಫ್ಲೋ-ಮ್ಯಾಟಿಕ್ ಭಾಷೆಯೇ 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ಭಾಷೆಗೆ ಮುಖ್ಯ ಆಧಾರವಾಯಿತು. 1979ರಲ್ಲಿ ಬಂದ ವಿಸಿಕ್ಯಾಲ್ಕ್ ಲೆಕ್ಕದ ಹಾಳೆಯನ್ನೇ ಗಣಕಯಂತ್ರದ ತೆರೆಯ ಮೇಲೆ ತಂದಿತು. 2010ರಲ್ಲಿ ಗೂಗಲ್ ಹೊರತಂದು, ಅನಂತರ ಎಂಐಟಿ ವಿದ್ಯಾಸಂಸ್ಥೆ ನಡೆಸಿಕೊಂಡು ಬಂದಿರುವ ಆಪ್ ಇನ್ವೆಂಟರ್‌ನಲ್ಲಿ ಮಕ್ಕಳೂ ಬಣ್ಣದ ತುಂಡುಗಳನ್ನು ಜೋಡಿಸಿ ಆಪ್ ಮಾಡಬಹುದು. ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಕನ್ನಡದಲ್ಲಿ ಹೇಳಿದ ಮಾತಿಗೂ ಓಗೊಟ್ಟು ಆಪ್ ಕಟ್ಟಿಕೊಡುತ್ತಿವೆ. ಜನರ ಭಾಷೆಗೆ ಯಂತ್ರ ಬಾಗಬೇಕೆಂಬ ಹಾಪರ್ ಅವರ ಆಶಯ ಹೀಗೆ ಮುಂದುವರಿದಿದೆ.

ಇಷ್ಟಾದರೂ ಯಂತ್ರದಿಂದ ಆಗದ ಕೆಲಸವೊಂದಿದೆ. ಅದು ಬೆಲೆಯ ವಿವೇಕ. ಅಸ್ತರು ಹಾಕಿದ ಒಂದು ರವಿಕೆಗೆ 450 ರೂಪಾಯಿ ಮಜೂರಿ ಎಂದಿಟ್ಟುಕೊಳ್ಳೋಣ. ಅಸ್ತರಿನ ಬಟ್ಟೆ, ದಾರ, ಹುಕ್ಕುಗಳಿಗೆ 110. ವಿದ್ಯುತ್ತು ಹಾಗೂ ಯಂತ್ರದ ಸವಕಳಿಗೆ 15. ಮನೆಗೆ ತಲುಪಿಸಲು 40. ಮಾರಾಟದ ಆಪ್ ಒಂದು ನೂರಕ್ಕೆ 20ರಂತೆ ಕಮಿಷನ್ ಹಿಡಿದರೆ 90. ಉಳಿದುದು 195 ರೂಪಾಯಿ. ಕತ್ತರಿಸಿ ಹೊಲಿದು ಮುಗಿಸಲು ನಾಲ್ಕು ಗಂಟೆ ಹಿಡಿದರೆ ಗಂಟೆಯೊಂದಕ್ಕೆ ದಕ್ಕಿದುದು 49 ರೂಪಾಯಿಗೂ ಕಡಿಮೆ. 450 ರೂಪಾಯಿ ಕೈಗೆ ಬಂತೆಂದು ಹಿಗ್ಗುವವಳಿಗೂ ಈ 49ನ್ನು ಕಂಡವಳಿಗೂ ಅಜಗಜಾಂತರವಿದೆ. ಎರಡನೆಯವಳು ಬೆಲೆ ಏರಿಸುತ್ತಾಳೆ, ಇಲ್ಲವೇ ಕಮಿಷನ್ ಇಲ್ಲದ ದಾರಿ ಹುಡುಕುತ್ತಾಳೆ, ಇಲ್ಲವೇ ಆ ಕೆಲಸ ಬಿಟ್ಟು ಹೆಚ್ಚು ಗಿಟ್ಟುವ ಕುಚ್ಚಿನ ಕೆಲಸ ಹಿಡಿಯುತ್ತಾಳೆ. ಈ ಲೆಕ್ಕ ಬಾರದವಳಿಗೆ ಆಪ್ ಸಿಕ್ಕರೆ ಆಕೆ ನಷ್ಟವನ್ನು ಇನ್ನಷ್ಟು ವೇಗವಾಗಿ ಮಾಡಿಕೊಳ್ಳುವಳಷ್ಟೆ.

ಲೆಕ್ಕಕ್ಕಿಂತಲೂ ಮಿಗಿಲಾದ ಪ್ರಶ್ನೆ ಒಡೆತನದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಬ್ಯಾಂಕ್ ಖಾತೆಯಿದ್ದ ಸ್ತ್ರೀಯರು ಶೇಕಡಾ 78.6, ತಾವೇ ಬಳಸುವ ಮೊಬೈಲ್ ಇದ್ದವರು ಶೇಕಡಾ 54 ಮಾತ್ರ. ಈ ಅಂತರದಲ್ಲಿಯೇ ಇಡೀ ಸಮಸ್ಯೆ ಅಡಗಿದೆ. ಖಾತೆ ಮಗಳ ಹೆಸರಿನಲ್ಲಿದ್ದರೂ ಓಟಿಪಿ ಅಣ್ಣನ ಮೊಬೈಲಿಗೆ ಬಂದರೆ, ಆಪಿನ ಗುಪ್ತಪದ ತಂದೆಯೊಬ್ಬನಿಗೇ ಗೊತ್ತಿದ್ದರೆ, ಕ್ಯೂಆರ್ ಫಲಕದ ಹಣ ಮತ್ತೊಬ್ಬರ ಖಾತೆಗೆ ಜಮೆಯಾದರೆ, ಆ ಉದ್ಯಮ ಆಕೆಯದಲ್ಲ. ಆಕೆ ತನ್ನ ಮನೆಯಲ್ಲಿಯೇ ಕೂಲಿಯಾಗುತ್ತಾಳೆ. ಮದುವೆಯಾಗಿ ಊರು ಬಿಡುವಾಗ ಹೊಲಿಗೆ ಯಂತ್ರವನ್ನು ಹೊತ್ತೊಯ್ಯಬಹುದು. ಐದು ವರ್ಷ ಕೂಡಿಸಿದ ಗ್ರಾಹಕರ ಪಟ್ಟಿ ಇನ್ನೊಬ್ಬರ ಮೊಬೈಲಿನಲ್ಲಿದ್ದರೆ ಅದು ಅಲ್ಲಿಯೇ ಉಳಿಯುತ್ತದೆ. ಸಿಮ್, ಇಮೇಲ್, ಗುಪ್ತಪದ, ಖಾತೆ ಈ ನಾಲ್ಕೂ ಆಕೆಯ ಹೆಸರಿನಲ್ಲಿ, ಆಕೆಯ ಕೈಯಲ್ಲಿ ಇರಬೇಕು. ಇದರಲ್ಲಿ ರಾಜಿಗೆ ಎಡೆಯಿರಬಾರದು.

ಎರಡನೆಯ ಅಪಾಯ ಬಾಡಿಗೆ ಮನೆಯದು. ಕೋಡ್‌ರಹಿತ ಸಲಕರಣೆಯಲ್ಲಿ ಕಟ್ಟಿದ ಆಪ್ ಅದರ ಕಂಪನಿಯ ನೆಲದ ಮೇಲೆ ನಿಂತಿರುತ್ತದೆ. ಅಮೆಜಾನ್‌ನಂತಹ ದೊಡ್ಡ ಸಂಸ್ಥೆಯ ಹನಿಕೋಡ್ ಎಂಬ ಸಲಕರಣೆಯೇ 2024ರ ಫೆಬ್ರವರಿಯಲ್ಲಿ ಮುಚ್ಚಿತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದನ್ನೇ ನೆಚ್ಚಿದ್ದವರ ಪ್ರೇಕ್ಷಕವರ್ಗ ಒಂದೇ ದಿನದಲ್ಲಿ ಕೈತಪ್ಪಿತು. ಬಾಡಿಗೆ ಮನೆಯಲ್ಲಿ ವಾಸಿಸುವುದು ತಪ್ಪಲ್ಲ. ಪೆಟ್ಟಿಗೆಯನ್ನು ಸಿದ್ಧವಾಗಿ ಇಟ್ಟುಕೊಳ್ಳದಿರುವುದು ತಪ್ಪು. ವಾರಕ್ಕೊಮ್ಮೆ ಕೋಷ್ಟಕದ ಪ್ರತಿಯನ್ನು ಬೇರೆಡೆ ತೆಗೆದಿಡುವ ಅಭ್ಯಾಸ ಬಂದರೆ ಮನೆ ಬದಲಾದರೂ ಬದುಕು ಕೆಡದು.

ಮೂರನೆಯದು ನಂಬಿಕೆಯ ವಿಷಯ. ರವಿಕೆ ಹೊಲಿಯುವವಳ ಬಳಿ ಹೆಂಗಸರ ಅಳತೆ, ಚಿತ್ರ, ವಿಳಾಸ, ದೂರವಾಣಿ ಸಂಖ್ಯೆಗಳಿರುತ್ತವೆ. 2025ರ ಜುಲೈನಲ್ಲಿ ಅಮೆರಿಕದಲ್ಲಿ ಸ್ತ್ರೀಯರ ಸುರಕ್ಷತೆಗೆಂದೇ ಹೊರಟಿದ್ದ ‘ಟೀ’ ಎಂಬ ಆಪಿನಿಂದ ಸುಮಾರು 72,000 ಚಿತ್ರಗಳು ಸೋರಿಹೋದವು. ಅವುಗಳಲ್ಲಿ ಸದಸ್ಯೆಯರ ಗುರುತಿನ ಚೀಟಿಗಳೂ ಇದ್ದವು. ಸುಲಭವಾಗಿ ಕಟ್ಟಿದ ಆಪಿನಲ್ಲಿ ಯಾರು ಏನನ್ನು ನೋಡಬಹುದೆಂಬ ಒಂದು ಗುಂಡಿ ತಪ್ಪಿದರೂ ಇಂತಹ ಅನಾಹುತ ಸಂಭವಿಸೀತು. ಭಾರತದಲ್ಲಿ 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಕಾಯಿದೆಯಾಗಿದೆ. ಆದರೆ ಕಾಯಿದೆಗಿಂತ ಮೊದಲು ಬರಬೇಕಾದುದು ಮನಸ್ಸಾಕ್ಷಿ. ಬೇಡದ ವಿವರವನ್ನು ಕೇಳದಿರುವುದು, ಕೆಲಸ ಮುಗಿದ ಮೇಲೆ ಚಿತ್ರವನ್ನು ಅಳಿಸುವುದು ಈ ಕಾಲದ ಕಾಯಕಶುದ್ಧಿ. ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ವಿವೇಕವೂ ಇದೇ.

ಲೆಕ್ಕಪತ್ರದ ಮಹತ್ತ್ವವನ್ನು ಬೆಂಗಳೂರು ಈಚೆಗೆ ಕಣ್ಣಾರೆ ಕಂಡಿದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಸಂದಾಯವಾದ ಹಣವನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ, ನಗರದ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಮಾಯವಾಗಿ ನಗದು ಮಾತ್ರ ಎಂಬ ಚೀಟಿ ಕಾಣಿಸಿಕೊಂಡಿತು. ಖಾತೆಗೆ ಬಂದುದೆಲ್ಲ ವ್ಯಾಪಾರದ ಹಣವಲ್ಲ, ವ್ಯಾಪಾರದ ಹಣವೆಲ್ಲ ಲಾಭವಲ್ಲ ಎಂಬುದನ್ನು ತೋರಿಸಬಲ್ಲುದು ದಿನದಿನದ ಲೆಕ್ಕ ಮಾತ್ರ. ಮನೆಯ ಹಣಕ್ಕೊಂದು, ಕಸುಬಿನ ಹಣಕ್ಕೊಂದು ಎಂದು ಎರಡು ಖಾತೆ ಇಡುವುದು ಜಾಣತನ. 2020ರಿಂದ ನಡೆದಿರುವ ಉದ್ಯಮ್ ನೋಂದಣಿಗೆ ಸರ್ಕಾರ ಶುಲ್ಕ ವಿಧಿಸುವುದಿಲ್ಲವೆಂಬುದು ತಿಳಿಯದೆ ದಲ್ಲಾಳಿಗೆ ಹಣ ತೆರುವ ಹೆಣ್ಣುಮಕ್ಕಳಿಗೆ ಈ ಒಂದು ಮಾತನ್ನು ಹೇಳಿದರೂ ಉಪಕಾರವಾದೀತು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಮನೆಯಲ್ಲಿ ಕುಳಿತೇ ಸಂಪಾದಿಸಬಹುದೆಂದಾದರೆ ಮಗಳು ಕಾಲೇಜಿಗೇಕೆ, ಕಚೇರಿಗೇಕೆ ಎಂದು ಕೇಳುವ ಪೋಷಕರು ಇದ್ದಾರೆ. ಉಪಕಸುಬು ಶಿಕ್ಷಣವನ್ನು ಮೊಟಕುಗೊಳಿಸುವ ನೆಪವಾದರೆ ಅದಕ್ಕಿಂತ ದೊಡ್ಡ ಹಾನಿ ಬೇರೊಂದಿಲ್ಲ. ಆಕೆಯ ಹೊಲಿಗೆಯ ಹಣ ಆಕೆಯ ಓದಿಗೆ ಊರುಗೋಲಾಗಬೇಕೇ ಹೊರತು ಓದಿಗೆ ಬದಲಿಯಾಗಬಾರದು. ಇನ್ನೊಂದೆಡೆ, ಮಲಗಿದ್ದರೂ ಹಣ ಬರುತ್ತದೆ, ತಿಂಗಳಿಗೆ ಲಕ್ಷ ಗಳಿಸಿರಿ ಎಂದು ತರಬೇತಿಯ ಹೆಸರಿನಲ್ಲಿ ಸಾವಿರಾರು ರೂಪಾಯಿ ಸುಲಿಯುವವರೂ ಇದ್ದಾರೆ. ದುಡಿಯದೆ ಬರುವ ಹಣವನ್ನು ಕಾಯಕವೆಂದು ಶರಣರು ಒಪ್ಪಲಿಲ್ಲ. ಇಂದಿನ ವಿದ್ಯಾರ್ಥಿನಿಯರೂ ಒಪ್ಪಬೇಕಾಗಿಲ್ಲ. ಹಾಗೆಯೇ ಕೋಡ್ ಕಲಿಯುವ ಆಸಕ್ತಿಯುಳ್ಳ ಬಾಲಕಿಗೆ ಈ ಸುಲಭಮಾರ್ಗವೇ ಸಾಕೆಂದು ಹೇಳುವುದೂ ಅನ್ಯಾಯ. ಇದು ಮೊದಲ ಮೆಟ್ಟಿಲು, ಕೊನೆಯದಲ್ಲ.

ಶಾಲೆಗಳು ಮಾಡಬಹುದಾದ ಕಾರ್ಯ ದೊಡ್ಡ ವೆಚ್ಚದ್ದೇನೂ ಅಲ್ಲ. ಕರ್ನಾಟಕದ ಮಠಗಳು ಅನ್ನದೊಡನೆ ಅಕ್ಷರವನ್ನೂ ದಾಸೋಹವೆಂದು ಭಾವಿಸಿ ನೀಡಿದ ಪರಂಪರೆ ಹೆಮ್ಮೆಯದು. ಮಹಿಳಾ ಉದ್ಯಮಿಗಳ ಅವೇಕ್ ಸಂಘಟನೆ 1983ರಲ್ಲಿಯೇ ಬೆಂಗಳೂರಿನಲ್ಲಿ ಹುಟ್ಟಿತು. 1987ರಲ್ಲಿ ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಕೆ.ಆರ್. ಪುರದ ಬಾಲಕಿಯೂ ಟಿಕೆಟಿನ ಹಣವಿಲ್ಲದೆ ಶಿವಾಜಿನಗರದ ಬಸ್ ನಿಲ್ದಾಣಕ್ಕೆ ಬಂದು ದಾರವನ್ನೂ ಮಣಿಯನ್ನೂ ಕೊಂಡೊಯ್ಯುವಂತಾಯಿತು. ಕೊರತೆಯಿರುವುದು ಪಾಠದಲ್ಲಿ. ಪ್ರೌಢಶಾಲೆ ಮುಗಿಸುವ ಪ್ರತಿಯೊಬ್ಬ ಬಾಲಕಿಯೂ ಒಂದು ಕೋಷ್ಟಕ ಕಟ್ಟಲು, ಒಂದು ವಸ್ತುವಿನ ಅಸಲು ಬೆಲೆ ಕಂಡುಹಿಡಿಯಲು, ತನ್ನ ಗುಪ್ತಪದವನ್ನು ತಾನೇ ಕಾಪಾಡಿಕೊಳ್ಳಲು ಕಲಿತಿರಬೇಕು. ಶಾಲೆಯ ವಾರ್ಷಿಕೋತ್ಸವದ ಮಾರಾಟಮಳಿಗೆಯ ಲೆಕ್ಕವನ್ನೇ ಮಕ್ಕಳ ಕೈಗೆ ಒಪ್ಪಿಸಿದರೆ ಪಾಠ ಆರಂಭವಾದಂತೆಯೇ. ತಂದೆತಾಯಿಗಳನ್ನೂ ಒಂದು ದಿನ ಕರೆಸಿ, ಮಗಳ ಮೊಬೈಲ್ ಮಗಳದೇ ಆಗಿರಬೇಕೇಕೆ ಎಂಬುದನ್ನು ಗುರುಗಳು ತಿಳಿಸಿಹೇಳಬೇಕು. ಮಠದ ಶಾಲೆಯ ಗುರುಗಳ ಮಾತಿಗೆ ಮನೆಗಳಲ್ಲಿ ಇನ್ನೂ ಬೆಲೆಯಿದೆ.

ರಾಟೆಯನ್ನು ಯಾರು ಕಟ್ಟಿದರೆಂಬುದನ್ನು ಯಾರೂ ಕೇಳುವುದಿಲ್ಲ. ನೂಲು ನಯವಾಗಿದೆಯೇ, ಬೆಲೆ ನ್ಯಾಯವಾಗಿದೆಯೇ, ಆ ಬೆಲೆ ನೂತವಳ ಕೈಸೇರಿತೇ ಎಂಬುದೇ ಕೇಳಬೇಕಾದ ಪ್ರಶ್ನೆ. ಶಿವಾಜಿನಗರದ ಓಣಿಯ ತರುಣಿ ತನ್ನ ಮೊಬೈಲನ್ನು ತೆರೆದು, ತನ್ನ ನುಡಿಯಲ್ಲಿ ತಾನೇ ಬರೆದ ಪಟ್ಟಿಯನ್ನು ನೋಡಿ, ಈ ಬೆಲೆಗೆ ಆಗದು ಎಂದು ಮಧ್ಯವರ್ತಿಗೆ ವಿನಯದಿಂದ, ಆದರೆ ದೃಢವಾಗಿ ಹೇಳುವ ದಿನ, ಆಕೆಯ ಕಾಯಕ ನಿಜವಾಗಿ ಆಕೆಯದಾಗುತ್ತದೆ.