ಕಾಯಕಕ್ಕೆ ತಕ್ಕ ಕೂಲಿ, ಕೂಲಿಗೆ ತಕ್ಕ ಕಾಯಕ



ಬಸವ ಜಯಂತಿ ಮತ್ತು ಮೇ 1ರ ಕಾರ್ಮಿಕ ದಿನ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತವೆ. ಎರಡರ ವೇದಿಕೆಯಲ್ಲೂ ದುಡಿಮೆಯ ಹಿರಿಮೆಯನ್ನು ಕೊಂಡಾಡುತ್ತೇವೆ. ಆದರೆ ಆ ದಿನದ ಪ್ರಸಾದಕ್ಕೆ ನಸುಕಿನಲ್ಲೇ ಒಲೆ ಹೊತ್ತಿಸಿದವರಿಗೆ ವಾರದ ರಜೆ ಉಂಟೇ, ನಮ್ಮ ಶಾಲೆಯ ಶಿಕ್ಷಕಿ ಸಹಿ ಹಾಕಿದಷ್ಟು ಸಂಬಳ ಆಕೆಯ ಕೈಗೆ ಬರುತ್ತದೆಯೇ ಎಂದು ಕೇಳುವವರು ಕಡಿಮೆ. ಕೇಳಿದರೆ ಸಿದ್ಧ ಉತ್ತರವೊಂದಿದೆ: “ಇದು ಸೇವಾ ಸಂಸ್ಥೆ, ಕಾಯಕವೆಂದು ತಿಳಿದು ಮಾಡಬೇಕು.”

ಇದು ಕಾಯಕ ತತ್ವಕ್ಕೆ ಮಾಡುವ ಅಪಚಾರ. ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ಬೇರೆಬೇರೆಯಾಗಿಯೇ ಇಟ್ಟರು. ಕಾಯಕದಿಂದ ಗಳಿಕೆ, ಆ ಗಳಿಕೆಯಿಂದ, ಗಳಿಸಿದವರ ಮನಸ್ಸಿನಿಂದ ದಾಸೋಹ. ಆಡಳಿತ ಮಂಡಳಿ ಸಂಬಳದಲ್ಲಿ ಮುರಿದುಕೊಂಡದ್ದು ದಾಸೋಹವಾಗದು. ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ತನ್ನದಲ್ಲದ್ದು ತನಗೆ ಬೇಡ ಎಂಬ ಆ ನಿಷ್ಠುರ ನೌಕರನಿಗೆ ಎಷ್ಟು ಅನ್ವಯವೋ ಆಡಳಿತ ಮಂಡಳಿಗೂ ಅಷ್ಟೇ ಅನ್ವಯ. ದುಡಿದವರ ಪಾಲನ್ನು ಉಳಿಸಿಕೊಂಡು ಕಟ್ಟಡಕ್ಕೆ ಮಹಡಿ ಏರಿಸಿದರೆ, ಅದು ಹಿಂದಿರುಗಿಸದ ಅಕ್ಕಿ.

ಕಾನೂನು ಹೇಳುವುದೂ ಇದನ್ನೇ. ದೆಹಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ದುಡಿದ ಕೂಲಿಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಿತು: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ. ಬಡತನಕ್ಕೆ ಕಟ್ಟುಬಿದ್ದು ಒಪ್ಪಿಕೊಂಡವನ ಒಪ್ಪಿಗೆ ಒಪ್ಪಿಗೆಯಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಿಂದ 2019ರ ವೇತನ ಸಂಹಿತೆಯವರೆಗೆ ಈ ತತ್ವ ಬದಲಾಗಿಲ್ಲ.

ನಮ್ಮ ಸಂಸ್ಥೆಗಳ ನೌಕರರು ಇನ್ನೂ ಕೆಲವನ್ನು ತಿಳಿದಿರಬೇಕು. ಸಾಮಾನ್ಯವಾಗಿ 20 ಅಥವಾ ಹೆಚ್ಚು ಜನ ದುಡಿಯುವಲ್ಲಿ ಭವಿಷ್ಯ ನಿಧಿ ಕಡ್ಡಾಯ. ನೌಕರನ ಪಾಲು ಶೇ. 12, ಸಂಸ್ಥೆಯ ಪಾಲೂ ಅಷ್ಟೇ. ಸಂಸ್ಥೆಯ ಪಾಲನ್ನೂ ನೌಕರನ ಸಂಬಳದಿಂದಲೇ ಮುರಿಯುವುದು ಕಾನೂನುಬಾಹಿರ. 10 ಅಥವಾ ಹೆಚ್ಚು ಜನರಿರುವಲ್ಲಿ, 2013ರ ಕಾಯ್ದೆಯಂತೆ, ಲೈಂಗಿಕ ಕಿರುಕುಳದ ದೂರು ಕೇಳಲು ಮಹಿಳೆಯೊಬ್ಬರ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಲೇಬೇಕು. ಮಠದ ಸಂಸ್ಥೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ಗ್ರಾಚ್ಯುಟಿಯ ವಿಷಯದಲ್ಲಿ ಶಿಕ್ಷಕರು ಹೆಚ್ಚು ಮೋಸ ಹೋಗುತ್ತಾರೆ. “ಶಿಕ್ಷಕರಿಗೆ ಅದು ಬರುವುದಿಲ್ಲ” ಎಂಬ ಹಳೆಯ ಮಾತು ಇನ್ನೂ ಓಡಾಡುತ್ತಿದೆ. 2009ರ ತಿದ್ದುಪಡಿ ಶಿಕ್ಷಕರನ್ನು 1997ರ ಏಪ್ರಿಲ್ 3ರಿಂದಲೇ ಪೂರ್ವಾನ್ವಯವಾಗಿ ಸೇರಿಸಿದೆ. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಲೆಕ್ಕ ಸುಲಭ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 20,800 ರೂಪಾಯಿ ಎನ್ನಿ. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 800. ವರ್ಷಕ್ಕೆ 15 ದಿನದಂತೆ 12,000. ಹತ್ತು ವರ್ಷ ದುಡಿದವರಿಗೆ 1,20,000 ರೂಪಾಯಿ. ಇದು ಆಡಳಿತ ಮಂಡಳಿಯ ಕೃಪೆಯಲ್ಲ, ದುಡಿದವರ ಹಕ್ಕು.

ಗುತ್ತಿಗೆದಾರನ ಮೂಲಕ ಜನರನ್ನು ಇಟ್ಟುಕೊಂಡರೆ ಹೊಣೆ ಕಳೆಯಿತೆಂದು ತಿಳಿಯುವವರೂ ಇದ್ದಾರೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಂತೆ ಕೂಲಿ ಬಟವಾಡೆಯ ವೇಳೆ ಮುಖ್ಯ ಮಾಲೀಕನ ಪ್ರತಿನಿಧಿ ಎದುರಿಗಿದ್ದು ದೃಢೀಕರಿಸಬೇಕಿತ್ತು. ಗುತ್ತಿಗೆದಾರ ಕೊಡದಿದ್ದರೆ ಮುಖ್ಯ ಮಾಲೀಕನೇ ಕೊಡಬೇಕಿತ್ತು. ಇಲಾಖೆಯ ಕೆಲಸದಲ್ಲಿ ನಾನು ಕಂಡದ್ದಿಷ್ಟು: ಬಟವಾಡೆಗೆ ಎಂಜಿನಿಯರ್ ಎದುರಿಗೆ ನಿಂತ ದಿನ ಹೆಬ್ಬೆಟ್ಟು ಒತ್ತಿದವರಿಗೆ ಪೂರ್ತಿ ಹಣ ಸಿಗುತ್ತಿತ್ತು. ಹೊಣೆ ಹೊತ್ತವರು ಎದುರಿಗಿದ್ದರೆ ಅರ್ಧ ಅನ್ಯಾಯ ಅಲ್ಲಿಯೇ ನಿಲ್ಲುತ್ತದೆ.

ಇನ್ನು ನೌಕರರಿಗೊಂದು ಮಾತು. ಹಕ್ಕು ಕೇಳುವ ನಾಲಿಗೆಗೆ ಬಲ ಬರುವುದು ಕೈಯ ಕೆಲಸದಿಂದ. ಗಂಟೆ ಬಾರಿಸಿದ ಮೇಲೆ ತರಗತಿಗೆ ನಡೆಯುವವರು, ಕಚೇರಿ ವೇಳೆಯಲ್ಲಿ ಸ್ವಂತ ವ್ಯವಹಾರ ನೋಡುವವರು, ಕಣ್ಣಿಂದ ನೋಡದ ಕೆಲಸವನ್ನು ಅಳತೆ ಪುಸ್ತಕಕ್ಕೆ ಏರಿಸುವವರು ಹಕ್ಕಿನ ಮಾತನ್ನು ತಾವೇ ದುರ್ಬಲಗೊಳಿಸುತ್ತಾರೆ. ಸಂಸ್ಥೆಯ ಸಾಮಾನು, ಕಡತ, ಮಕ್ಕಳ ವಿಶ್ವಾಸ ಎಲ್ಲವೂ ನಮ್ಮ ಕೈಗೆ ಒಪ್ಪಿಸಿದ ಒಡವೆ. ಮೇಲಿನವರು ಸುಳ್ಳು ದಾಖಲೆ ಬರೆಯಲು ಹೇಳಿದರೆ ವಿನಯದಿಂದ ಒಲ್ಲೆ ಎನ್ನುವುದೂ ನೌಕರನ ಕರ್ತವ್ಯವೇ. ಆದರೆ ಒಬ್ಬರ ಸೋಮಾರಿತನವನ್ನು ನೆಪ ಮಾಡಿ ಎಲ್ಲರ ಕೂಲಿ ಕಡಿಯುವ ಹಾಗಿಲ್ಲ. ತಪ್ಪು ಮಾಡಿದವರಿಗೆ ನೋಟಿಸು ಕೊಟ್ಟು, ಅವರ ಮಾತು ಕೇಳಿ, ಕ್ರಮ ಕೈಗೊಳ್ಳುವ ದಾರಿ ಇದೆ.

ಪೂಜ್ಯರಲ್ಲಿ ಮತ್ತು ಆಡಳಿತ ಮಂಡಳಿಗಳಲ್ಲಿ ನಮ್ಮ ವಿನಂತಿ ಮೂರು: ಪ್ರತಿಯೊಬ್ಬರಿಗೂ ಲಿಖಿತ ನೇಮಕಾತಿ ಪತ್ರ ಕೊಡಿ. ಸಂಬಳವನ್ನು ನೇರ ಬ್ಯಾಂಕ್ ಖಾತೆಗೆ ಹಾಕಿ, ಅದರಲ್ಲಿ ಒಂದು ರೂಪಾಯಿಯನ್ನೂ ಹಿಂದಕ್ಕೆ ಕೇಳಬೇಡಿ. ವರ್ಷಕ್ಕೊಮ್ಮೆಯಾದರೂ ಅಡುಗೆಯವರಿಂದ ಪ್ರಾಚಾರ್ಯರವರೆಗೆ ಎಲ್ಲರನ್ನೂ ಸಮನಾಗಿ ಕೂರಿಸಿ ಅವರ ಅಹವಾಲು ಕೇಳಿ. ಅನುಭವ ಮಂಟಪದ ವಾರಸುದಾರರೆಂದು ಹೇಳಿಕೊಳ್ಳುವ ನಮಗೆ ಇದು ಕಷ್ಟವಾಗಬಾರದು.