ಹ್ಯಾಂಡಲ್ ಅಗ್ಗ, ನಿನ್ನ ಪ್ರಾಣವೂ ಅಗ್ಗವೇ?

ಗೆಳೆಯಾ, ನಿನಗೊಂದು ಪ್ರಶ್ನೆ. ನೀನು ಬೈಕು ಕೊಂಡದ್ದು ಒಂದೂವರೆ ಲಕ್ಷಕ್ಕೆ. ಅದರಲ್ಲಿ ಅಪ್ಪನ ಪಿ.ಎಫ್. ಹಣವಿದೆ, ಅಮ್ಮನ ಬಳೆಯಿದೆ, ನಿನ್ನ ಮೂರು ವರ್ಷದ ಕಂತಿದೆ. ಶೋರೂಮಿನಿಂದ ಬಂದು ವಾರ ಕಳೆದಿಲ್ಲ, ಕಂಪನಿ ಕೊಟ್ಟ ಹ್ಯಾಂಡಲ್ ಬಿಚ್ಚಿಸಿ ಮೂಲೆಗೆಸೆದು, ಯಾವನೋ ಕೊಟ್ಟ ಆರುನೂರು ರೂಪಾಯಿಯ ಕೊಳವೆ ಹಾಕಿಸಿಕೊಂಡು ಬಂದೆಯಲ್ಲ, ಯಾಕೆ?

"ಲುಕ್ಕು ಅಣ್ಣಾ, ಲುಕ್ಕು!"

ಲುಕ್ಕಿಗೆ ನಾವೇನೂ ವೈರಿಗಳಲ್ಲ. ಹರೆಯದಲ್ಲಿ ಶೋಕಿ ಮಾಡದೆ ಇನ್ಯಾವಾಗ ಮಾಡುತ್ತೀಯ? ಜಾವಾ, ಯೆಜ್ಡಿ ತಯಾರಾದ ನಾಡು ಇದು. 1996ರಲ್ಲಿ ಮೈಸೂರಿನ ಆ ಕಾರ್ಖಾನೆಗೆ ಬೀಗ ಬಿದ್ದರೂ, ಅಲ್ಲಿನ ಕಾರ್ಮಿಕರ ಕೈಯಲ್ಲಿ ಹುಟ್ಟಿದ ಗಾಡಿಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಗುಡುಗುತ್ತಿವೆ. ಬೈಕಿನ ಹುಚ್ಚು ನಮಗೆ ಹೊಸದಲ್ಲ. ಆ ಹುಚ್ಚನ್ನೇ ಬಂಡವಾಳ ಮಾಡಿಕೊಂಡು, ಹೆಸರಿಲ್ಲದ, ವಿಳಾಸವಿಲ್ಲದ ಕಬ್ಬಿಣವನ್ನು ನಿನ್ನ ಕೈಗೆ ತುರುಕುವ ದಂಧೆ ಇದೆಯಲ್ಲ, ನಮ್ಮ ಸಿಟ್ಟು ಅದರ ಮೇಲೆ.

ಹ್ಯಾಂಡಲ್ ಎಂದರೆ ಕನ್ನಡಿ ಸಿಕ್ಕಿಸುವ ಗೂಟವಲ್ಲ. ಬ್ರೇಕು, ಕ್ಲಚ್ಚು, ಎಕ್ಸಲರೇಟರು ಎಲ್ಲವೂ ಅದರ ಮೇಲೆ ಕೂತಿವೆ. ಜೋರಾಗಿ ಬ್ರೇಕ್ ಹಿಡಿದಾಗ ನಿನ್ನ ಮೈಭಾರ ಮುಂದಕ್ಕೆ ನುಗ್ಗಿ ಎರಡು ಅಂಗೈಗಳ ಮೂಲಕ ಅದರ ಮೇಲೆಯೇ ಬೀಳುತ್ತದೆ. ಬಿ.ಬಿ.ಎಂ.ಪಿ. ನಮಗೆ ಬಿಟ್ಟುಹೋದ ಗುಂಡಿಗಳ ಏಟೂ ಕೊನೆಗೆ ಬಂದು ತಲುಪುವುದು ಅಲ್ಲಿಗೇ. ಅಂಥ ಜಾಗಕ್ಕೆ ನೀನು ಹಾಕಿಸಿದ್ದೇನು?

ನಮ್ಮ ಬಳಗದ ಹುಡುಗನ ಕತೆ ಕೇಳು. ಮನೆಮನೆಗೆ ಊಟ ತಲುಪಿಸುವ ಕೆಲಸ. ಎತ್ತರದ ಹ್ಯಾಂಡಲ್ ಹಾಕಿಸಿ ಹದಿನೈದು ದಿನ ಆಗಿತ್ತು. ಮಾಗಡಿ ರಸ್ತೆಯಲ್ಲಿ ನಾಯಿ ಅಡ್ಡ ಬಂತು, ಮುಂದಿನ ಬ್ರೇಕ್ ಹಿಡಿದ. ಗಾಡಿ ನಿಲ್ಲುವ ಮೊದಲೇ ಹ್ಯಾಂಡಲ್ಲು ಕ್ಲ್ಯಾಂಪಿನೊಳಗೆ ತಿರುಗಿ ಮುಂದಕ್ಕೆ ಮಗುಚಿತು. ಭುಜದ ಮೂಳೆ ಮುರಿಯಿತು. ಮೂರು ತಿಂಗಳು ಕೆಲಸವಿಲ್ಲ, ಸಂಬಳವಿಲ್ಲ. ಅಂಗಡಿಗೆ ಹೋಗಿ ಕೇಳಿದರೆ, "ನಮ್ಮ ಮಾಲು ಅಂತ ಏನು ಗ್ಯಾರಂಟಿ? ಬಿಲ್ ತೋರಿಸು!" ಬಿಲ್ಲು ಕೊಟ್ಟಿದ್ದರಲ್ಲವೇ ತೋರಿಸುವುದು?

ಅದು ತಿರುಗಿದ್ದು ಯಾಕೆ? ಒಳ್ಳೆಯ ಉಕ್ಕಿನ ಹ್ಯಾಂಡಲ್ಲಿಗೆ ಕ್ಲ್ಯಾಂಪ್ ಕಚ್ಚುವ ಜಾಗದಲ್ಲಿ ಸಾಮಾನ್ಯವಾಗಿ ಒರಟು ಗೀರುಗಳಿರುತ್ತವೆ. ಹಿಡಿತ ಬರುವುದು ಅದರಿಂದ. ಅಗ್ಗದ ಮಾಲಿನಲ್ಲಿ ಗೀರೂ ಇಲ್ಲ, ಅಳತೆಯೂ ಇಲ್ಲ. ನಮ್ಮಲ್ಲಿನ ಬಹಳಷ್ಟು ಬೈಕುಗಳಿಗೆ ಬೇಕಾದ್ದು 22 ಮಿಲಿಮೀಟರ್ ಕೊಳವೆ. ಅದು ಕೂದಲೆಳೆ ಸಣ್ಣದಿದ್ದರೂ ಬೋಲ್ಟ್ ಎಷ್ಟು ಬಿಗಿದರೂ ಕಚ್ಚುವುದಿಲ್ಲ. ಇನ್ನು ಕೊಳವೆಯ ಗೋಡೆ ತೆಳುವಾಗಿದ್ದರೆ ಬಾಗಿಸಿದ ಜಾಗದಲ್ಲಿ ಇನ್ನಷ್ಟು ತೆಳುವಾಗುತ್ತದೆ. ಸ್ವಿಚ್ಚು ಕೂರಿಸಲು ಮೆಕ್ಯಾನಿಕ್ ಅಂದಾಜಿನ ಮೇಲೆ ತೂತು ಕೊರೆಯುತ್ತಾನೆ. ಪ್ರತಿ ಗುಂಡಿಗೂ, ಪ್ರತಿ ನಡುಕಕ್ಕೂ ಆ ತೂತಿನ ಅಂಚಿನಿಂದ ಬಿರುಕು ಒಂದಿಷ್ಟೊಂದಿಷ್ಟೇ ಬೆಳೆಯುತ್ತದೆ. ಮೇಲೆ ಫಳಫಳ ಹೊಳೆಯುವ ಕ್ರೋಮು, ಒಳಗೆ ಬಿರುಕು. ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ.

ಎತ್ತರದ ಹ್ಯಾಂಡಲ್ ಹಾಕಿ ಹಳೆಯ ಕೇಬಲ್ಲನ್ನೇ ಎಳೆದು ಕಟ್ಟಿದರೆ ಇನ್ನೊಂದು ಯಮಪಾಶ. ಯು-ಟರ್ನ್ ಹೊಡೆಯುವಾಗ ಎಕ್ಸಲರೇಟರ್ ಕೇಬಲ್ ಬಿಗಿದು ಎಂಜಿನ್ ತಾನಾಗಿಯೇ ಚೀರುತ್ತದೆ, ಗಾಡಿ ಬಸ್ಸಿನ ಕೆಳಗೆ ನುಗ್ಗುತ್ತದೆ. ಡಿಸ್ಕ್ ಬ್ರೇಕಿನ ಪೈಪು ಎಳೆದೆಳೆದು ಸೋರಿದರೆ ಬ್ರೇಕೇ ಇಲ್ಲ.

2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಅವರೆಲ್ಲ ಹ್ಯಾಂಡಲ್ ಮುರಿದು ಸತ್ತರೆಂದು ನಾವು ಹೇಳುತ್ತಿಲ್ಲ. ಮೊದಲೇ ಸಾವಿನ ದಾರಿಯಾಗಿರುವ ರಸ್ತೆಗೆ ಮುರುಕು ಗಾಡಿಯಲ್ಲಿ ಯಾಕೆ ಇಳಿಯುತ್ತೀಯ ಎಂದು ಕೇಳುತ್ತಿದ್ದೇವೆ.

ಕಾನೂನು ಏನು ಹೇಳುತ್ತದೆ? 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 182ಎ ಕಲಂ ಓದು. ನಿಯಮ ಒಪ್ಪದ ರೀತಿಯಲ್ಲಿ ಗಾಡಿ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಸುರಕ್ಷತೆಗೆ ಅತಿಮುಖ್ಯವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗವನ್ನು ನಿಯಮ ಮೀರಿ ಮಾರಿದವನಿಗೂ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ ಅದೇ ಕಲಮಿನಲ್ಲಿದೆ. ಆದರೆ ಸಿಗ್ನಲ್ಲಿನಲ್ಲಿ ಕೈ ಅಡ್ಡ ಹಿಡಿಯುವುದು ಯಾರಿಗೆ? ನಿನಗೆ! ಮೂಟೆಗಟ್ಟಲೆ ಮಾಲು ಇಳಿಸುವ ಗೋದಾಮಿನ ಬಾಗಿಲು ತಟ್ಟುವವರು ಯಾರು?

ಇನ್ನೊಂದು ಮಾತು. ಪೊಟ್ಟಣದ ಮೇಲೆ ತಯಾರಕನ ಹೆಸರು, ವಿಳಾಸ, ಬೆಲೆ ಇರಲೇಬೇಕೆಂದು 2011ರ ಪೊಟ್ಟಣ ಸಾಮಗ್ರಿ ನಿಯಮ ಹೇಳುತ್ತದೆ. ಯಾವ ಭಾಷೆಯಲ್ಲಿ? ಹಿಂದಿ ಅಥವಾ ಇಂಗ್ಲಿಷ್! ಬೇರೆ ಭಾಷೆಯನ್ನೂ ಸೇರಿಸಬಹುದಂತೆ, ಆದರೆ ಕಡ್ಡಾಯವಲ್ಲ. ಕಲಬುರಗಿಯಿಂದ ಬಂದು ಪೀಣ್ಯದಲ್ಲಿ ದುಡಿಯುವ ಹುಡುಗ ತನ್ನ ಪ್ರಾಣದ ಎಚ್ಚರಿಕೆಯನ್ನು ತನ್ನ ಭಾಷೆಯಲ್ಲಿ ಓದುವ ಹಕ್ಕಿಲ್ಲದವನೇ?

"ಕಂಪನಿ ಮಾಲು ದುಬಾರಿ ಅಣ್ಣಾ" ಎನ್ನುತ್ತೀಯ. ನಿಜ, ದುಬಾರಿ. ಹಾಗಾದರೆ ಗಾಡಿಯ ಜೊತೆ ಬಂದದ್ದನ್ನೇ ಉಳಿಸಿಕೋ, ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಬಿದ್ದು ಬಾಗಿದ್ದನ್ನು ಬಡಿದು ನೆಟ್ಟಗೆ ಮಾಡಿಸಬೇಡ. ಬದಲಿಸಲೇಬೇಕಾದರೆ ಹೆಸರು, ವಿಳಾಸ ಇರುವ ಮಾಲು ಕೊಳ್ಳು, ಬಿಲ್ಲು ಕೇಳು. ಬಿಲ್ಲಿದ್ದರೆ ಗ್ರಾಹಕರ ನ್ಯಾಯಾಲಯದ ಬಾಗಿಲು ತೆರೆದಿದೆ.

ಈಗಾಗಲೇ ಹಾಕಿಸಿದ್ದೀಯಾ? ಇವತ್ತೇ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕು. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲಿ. ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಗೆ ತಿರುಗಿಸು. ಎಂಜಿನ್ ಸದ್ದು ಏರಬಾರದು, ಬ್ರೇಕ್ ಪೈಪು ಬಿಗಿಯಬಾರದು, ಬೆರಳು ಟ್ಯಾಂಕಿಗೆ ಸಿಕ್ಕಬಾರದು. ಎಂಜಿನ್ ಆರಿಸಿ, ಮುಂದಿನ ಚಕ್ರವನ್ನು ತೊಡೆಗಳ ನಡುವೆ ಹಿಡಿದು ಹ್ಯಾಂಡಲನ್ನು ಜೋರಾಗಿ ಮುಂದಕ್ಕೆ ದೂಡು, ಹಿಂದಕ್ಕೆಳೆ. ಎಳ್ಳಷ್ಟು ಜಾರಿದರೂ ಗಾಡಿ ರಸ್ತೆಗಿಳಿಸಬೇಡ.

ಹೆಲ್ಮೆಟ್ ಕೊಳ್ಳುವಾಗ ಐ.ಎಸ್.ಐ. ಮುದ್ರೆ ಹುಡುಕುವ ಕಣ್ಣು ಹ್ಯಾಂಡಲ್ ಕೊಳ್ಳುವಾಗ ಯಾಕೆ ಕುರುಡಾಗುತ್ತದೆ? ನಾಡಿಗಾಗಿ ಬೀದಿಗಿಳಿಯುವ ಹುಡುಗರು ನಮಗೆ ಬೇಕು. ಬೀದಿಯಲ್ಲಿ ಬಿದ್ದಿರುವ ಹುಡುಗರು ಬೇಡ. ರಾತ್ರಿ ಹನ್ನೊಂದಾದರೂ ಮಲಗದೆ ನಿನ್ನ ಬೈಕಿನ ಸದ್ದಿಗಾಗಿ ಕಾಯುವ ಅಮ್ಮನನ್ನು ಒಮ್ಮೆ ನೆನೆದು, ಆಮೇಲೆ ಕೀಲಿ ತಿರುಗಿಸು.