ರಿಯಾಲಿನ ಲೆಕ್ಕ, ಮಕ್ಕಳ ಲೆಕ್ಕ

ಸೌದಿ ಅರೇಬಿಯಾದಲ್ಲಿ ತಿಂಗಳಿಗೆ 6,000 ರಿಯಾಲ್ ಸಂಬಳದ ಕೆಲಸ ಸಿಕ್ಕಿತೆನ್ನಿ. ಮನೆಮಂದಿಯೆಲ್ಲ ಅದನ್ನು ರೂಪಾಯಿಗೆ ಗುಣಿಸಲು ಕೂರುತ್ತಾರೆ. ಸಂಬಳದ ಮೇಲೆ ಅಲ್ಲಿ ಆದಾಯ ತೆರಿಗೆಯೂ ಇಲ್ಲ. ಆದರೆ ಸಂಸಾರ ಸಮೇತ ಹೋದರೆ ಖರ್ಚೂ ರಿಯಾಲಿನಲ್ಲೇ ಅಲ್ಲವೆ?

ಜೊತೆಗಿರುವ ಹೆಂಡತಿ, ಮಕ್ಕಳಿಗೆ ತಲಾ ಶುಲ್ಕ ಕಟ್ಟಬೇಕು. 2017ರಲ್ಲಿ ತಿಂಗಳಿಗೆ 100 ರಿಯಾಲ್ ಇದ್ದದ್ದು ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳೆಂದರೆ 1,200. ಸಂಬಳದ ಐದರಲ್ಲೊಂದು ಪಾಲು ಅಲ್ಲಿಗೇ ಹೋಯಿತು! 2020ರಲ್ಲೇ ಮೌಲ್ಯವರ್ಧಿತ ತೆರಿಗೆಯೂ ಶೇ 5ರಿಂದ 15ಕ್ಕೇರಿತು. ಮನೆ ಬಾಡಿಗೆ, ಶಾಲೆಯ ಫೀಸು ಬೇರೆ. ಇಲ್ಲಿ ಕೆಲಸದಲ್ಲಿರುವ ಹೆಂಡತಿ ಅದನ್ನು ಬಿಟ್ಟು ಹೊರಟರೆ ಆ ಸಂಬಳವನ್ನೂ ಕಳೆಯಿರಿ.

ಇದಕ್ಕಿಂತ ದೊಡ್ಡದು ಮಕ್ಕಳ ಲೆಕ್ಕ. ರಿಯಾದ್, ಜಿದ್ದಾ, ದಮ್ಮಾಮ್‌ಗಳಲ್ಲಿ ಸಿಬಿಎಸ್‌ಇ ಪಠ್ಯದ ಭಾರತೀಯ ಶಾಲೆಗಳಿವೆ. ಹನ್ನೆರಡನೆಯ ತರಗತಿ ಮುಗಿಸಿ ಊರಿಗೆ ಬಂದಾಗ ಎದುರಾಗುವುದೇ ಬೇರೆ ಪ್ರಶ್ನೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸರ್ಕಾರಿ ಸೀಟಿಗೆ ಇರುವ ಮುಖ್ಯ ಅರ್ಹತೆಯೆಂದರೆ, ಒಂದನೇ ತರಗತಿಯಿಂದ ಪಿಯುಸಿಯೊಳಗೆ ಕನಿಷ್ಠ 7 ವರ್ಷ ಇಲ್ಲೇ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸು ಮಾಡಿರಬೇಕು. ತಂದೆ-ತಾಯಿಯ ಓದನ್ನು ಆಧರಿಸಿದ ಕಲಮುಗಳೂ ಇವೆ, ಅವಕ್ಕೂ ಷರತ್ತುಗಳುಂಟು.

ಆದ್ದರಿಂದ ಪೋಷಕರೇ, ವೀಸಾಕ್ಕೆ ಅರ್ಜಿ ಹಾಕುವ ಮುನ್ನ ಮಕ್ಕಳನ್ನೂ ಎದುರಿಗೆ ಕೂರಿಸಿಕೊಳ್ಳಿ. ಯಾವ ತರಗತಿಗೆ ಹೋಗುವುದು, ಯಾವ ತರಗತಿಗೆ ಮರಳುವುದು ಎಂದು ಬೆರಳು ಮಡಚಿ ಎಣಿಸಿ. ಸಂಬಳದ ಗುಣಾಕಾರ ಆಮೇಲೆ ಮಾಡಿದರಾಯಿತು.